ಆರು ಮಿಲಿಮೀಟರ್ ಸೈನಿಕರಿಗೆ ನೆಲ ಮಾಡುವುದು

ಆರು ಮಿಲಿಮೀಟರ್ ಎತ್ತರದ ಬೊಂಬೆ ಸೈನಿಕನ ಅಳತೆ ಹೆಚ್ಚುಕಡಿಮೆ 1:300. ಮೇಜಿನ ಪಕ್ಕ ನಿಂತು ಅವನನ್ನು 60 ಸೆಂಟಿಮೀಟರ್ ದೂರದಿಂದ ನೋಡಿದರೆ, ನಿಜವಾದ ಸೈನಿಕನನ್ನು 180 ಮೀಟರ್ ಆಚೆಯಿಂದ ನೋಡಿದಷ್ಟೇ ಆಯಿತು. ಅಷ್ಟು ದೂರದ ಹೊಲದಲ್ಲಿ ನಮ್ಮ ಕಣ್ಣಿಗೆ ಬೀಳುವುದೇನು? ಒಂದೊಂದು ಕಲ್ಲಲ್ಲ, ಹುಲ್ಲಿನ ಒಂದೊಂದು ಎಸಳೂ ಅಲ್ಲ. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ, ಬೆಳೆ ಎಲ್ಲಿ ನಿಂತಿದೆ, ಎಲ್ಲಿ ಮಲಗಿದೆ, ಗಾಡಿ ಯಾವ ಕಡೆ ಹೋಗಿದೆ, ಇಷ್ಟು ಕಾಣುತ್ತದೆ. ವಾರ್‌ಗೇಮ್ ಮಿನಿಯೇಚರ್‌ಗಳಿಗೆ ಬೇಸ್, ಅಂದರೆ ಅವು ನಿಲ್ಲುವ ಪುಟ್ಟ ನೆಲ, ಮಾಡುವವರು ಈ ಲೆಕ್ಕವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಚರಿತ್ರೆಯ ಯುದ್ಧಗಳನ್ನು ದಾಳ, ಅಳತೆಪಟ್ಟಿ ಹಿಡಿದು ಮೇಜಿನ ಮೇಲೆ ಆಡುವ ಈ ಹವ್ಯಾಸಕ್ಕೆ ಎಚ್.ಜಿ. ವೆಲ್ಸ್ 1913ರಲ್ಲೇ 'ಲಿಟಲ್ ವಾರ್ಸ್' ಎಂಬ ನಿಯಮ ಪುಸ್ತಕ ಬರೆದಿದ್ದರು. ಇಂದು ಹೆಚ್ಚು ಜನ ಆಡುವುದು 28 ಮಿಲಿಮೀಟರ್ ಬೊಂಬೆಗಳಲ್ಲಿ. ಅಲ್ಲಿ ಒಬ್ಬೊಬ್ಬ ಸೈನಿಕನಿಗೂ ನಾಣ್ಯದಗಲದ ಬೇಸ್ ಇರುವುದುಂಟು, ನೋಡುವವರ ಕಣ್ಣು ಅವನ ಮುಖಕ್ಕೇ ಹೋಗುತ್ತದೆ. ಆರು ಮಿಲಿಮೀಟರಿನಲ್ಲಿ ಹಾಗಲ್ಲ. 60×30 ಮಿಲಿಮೀಟರ್ ಪಟ್ಟಿಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನ ಸಾಲಾಗಿ ನಿಲ್ಲುತ್ತಾರೆ. ಮೇಲಿನಿಂದ ನೋಡಿದಾಗ ಸೈನಿಕರಿಗಿಂತ ನೆಲವೇ ಹೆಚ್ಚು ಕಾಣುತ್ತದೆ. ಹಾಗಾಗಿ ಸೈನಿಕರ ಗುಂಡಿಗಳಿಗೆ ಬಣ್ಣ ಹಚ್ಚುವ ಸಮಯದಲ್ಲಿ ಅರ್ಧವನ್ನು ನೆಲಕ್ಕೆ ಕೊಟ್ಟರೆ ಸೇನೆ ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1815ರ ಜೂನ್ 18ರ ವಾಟರ್‌ಲೂ ಕದನವನ್ನೇ ತೆಗೆದುಕೊಳ್ಳೋಣ. ಹಿಂದಿನ ರಾತ್ರಿಯೆಲ್ಲ ಮಳೆ ಸುರಿದಿತ್ತು. ಹೊಲಗಳಲ್ಲಿ ಆಳೆತ್ತರದ ರೈ ಬೆಳೆ ನಿಂತಿತ್ತು. ಈ ಎರಡು ಸಂಗತಿಗಳನ್ನು ಬೇಸ್ ಮೇಲೆ ತರಬೇಕು.

ಬೇಸ್‌ಗೆ 2 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ ಒಳ್ಳೆಯದು. ತೆಳು ರಟ್ಟು ಬೇಡ. ಫೆವಿಕಾಲ್‌ನಂಥ ಬಿಳಿ ಅಂಟು ಒಣಗುವಾಗ ಕುಗ್ಗುತ್ತದೆ, ಒಂದೇ ಬದಿಗೆ ಹಚ್ಚಿದ ರಟ್ಟು ಆ ಎಳೆತಕ್ಕೆ ಡೊಂಕಾಗುತ್ತದೆ. ರಟ್ಟು ಬಿಟ್ಟರೆ ಬೇರೇನೂ ಸಿಗದಿದ್ದರೆ ಅಡಿಭಾಗಕ್ಕೂ ಅಷ್ಟೇ ಅಂಟು ಸವರಿ ಒಣಗಿಸಿ.

ಈ ಅಳತೆಯ ಸೈನಿಕರು ಸಾಮಾನ್ಯವಾಗಿ ಮೂರು ನಾಲ್ಕು ಜನ ಒಂದೇ ಲೋಹದ ಪಟ್ಟಿಯ ಮೇಲೆ ಅಚ್ಚಾಗಿ ಬರುತ್ತಾರೆ. ಆ ಪಟ್ಟಿಯ ದಪ್ಪ ಒಂದು ಮಿಲಿಮೀಟರ್ ಇದ್ದರೂ 1:300ರಲ್ಲಿ ಅದು 30 ಸೆಂಟಿಮೀಟರ್ ಎತ್ತರದ ಜಗಲಿ. ಅದನ್ನು ಹಾಗೇ ಬಿಟ್ಟರೆ ದಳವೆಲ್ಲ ವೇದಿಕೆ ಹತ್ತಿ ನಿಂತಂತೆ ಕಾಣುತ್ತದೆ, ಎಷ್ಟು ಹುಲ್ಲು ಉದುರಿಸಿದರೂ ಮುಚ್ಚುವುದಿಲ್ಲ. ಆದ್ದರಿಂದ ಸುತ್ತಲಿನ ನೆಲವನ್ನೇ ಆ ಮಟ್ಟಕ್ಕೆ ಏರಿಸಬೇಕು. ಗೋಡೆಗೆ ಬಳಿಯುವ ಪುಟ್ಟಿ, ಬಿಳಿ ಅಂಟು, ಕಂದು ಅಕ್ರಿಲಿಕ್ ಬಣ್ಣ, ಸ್ವಲ್ಪ ನೀರು ಸೇರಿಸಿ ದೋಸೆಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಹಳೆಯ ಕುಂಚದಿಂದ ಸಾಲುಗಳ ನಡುವೆ ತಳ್ಳುತ್ತ ಹೋಗಿ. ಬಣ್ಣವನ್ನು ಮೊದಲೇ ಬೆರೆಸಿದ್ದರೆ ಮುಂದೆ ಎಲ್ಲಾದರೂ ಚೂರು ಎದ್ದರೂ ಒಳಗಿನಿಂದ ಬಿಳಿ ಇಣುಕುವುದಿಲ್ಲ. ಕಾಲು ಹೂತುಹೋಗದಂತೆ ನೋಡಿಕೊಳ್ಳಿ.

ಇದು ಹಸಿಯಾಗಿರುವಾಗಲೇ ಮಳೆಯ ಗುರುತು ಮೂಡಿಸಬೇಕು. ಫಿರಂಗಿ ಗಾಡಿಯ ಎರಡು ಚಕ್ರಗಳ ನಡುವೆ ಸುಮಾರು ಒಂದೂವರೆ ಮೀಟರ್ ಅಂತರ ಎಂದುಕೊಂಡರೆ, ನಮ್ಮ ಅಳತೆಯಲ್ಲಿ 5 ಮಿಲಿಮೀಟರ್. ಹಲ್ಲುಕಡ್ಡಿಯಿಂದ ಅಷ್ಟು ದೂರದಲ್ಲಿ ಎರಡು ಗೆರೆ ಎಳೆಯಿರಿ. ಎಲ್ಲ ಬಣ್ಣ ಮುಗಿದ ಮೇಲೆ ಹೊಳಪಿನ ವಾರ್ನಿಶ್ ಅನ್ನು ಆ ಗೆರೆಗಳ ತಳಕ್ಕೆ ಮಾತ್ರ ತಾಕಿಸಿ. ನೆಲವೆಲ್ಲ ಹೊಳೆದರೆ ಕೆಸರು ಹೋಗಿ ಪ್ಲಾಸ್ಟಿಕ್ ಆಗುತ್ತದೆ. ಅಂದು ನೆಪೋಲಿಯನ್ ನೆಲ ಸ್ವಲ್ಪ ಆರಲಿ, ಫಿರಂಗಿಗಳು ಸಲೀಸಾಗಿ ಚಲಿಸಲಿ ಎಂದು ಕಾದ. ದಾಳಿ ಶುರುವಾದಾಗ ಹನ್ನೊಂದೂವರೆಯ ಆಸುಪಾಸು. ಹಾಗಾಗಿ ಫಿರಂಗಿಯ ಬೇಸ್‌ಗಳಿಗೆ ಕಾಲಾಳುಗಳ ಬೇಸ್‌ಗಳಿಗಿಂತ ಹೆಚ್ಚು ಕೆಸರು ಕೊಡುವುದು ನ್ಯಾಯ.

ಮಣ್ಣಿನ ತರಿಯ ವಿಷಯದಲ್ಲಿ ಎಲ್ಲರೂ ಮೊದಲು ಕೈಹಾಕುವುದು ಮರಳಿಗೆ. ಆದರೆ ಒಂದು ಮಿಲಿಮೀಟರಿನ ಮರಳ ಕಣ ಇಲ್ಲಿ 30 ಸೆಂಟಿಮೀಟರಿನ ಗುಂಡುಕಲ್ಲು. ಅಂಥ ಕಲ್ಲು ತುಂಬಿದ ಹೊಲದಲ್ಲಿ ಯಾರು ರೈ ಬಿತ್ತುತ್ತಾರೆ? ಮರಳನ್ನು ಚಹಾ ಜಾಲರಿಯಲ್ಲಿ ಸೋಸಿ, ಕೆಳಗೆ ಬಿದ್ದದ್ದನ್ನು ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ ಬಂದ ಪುಡಿಯನ್ನಷ್ಟೇ ಬಳಸಿ. ಇದಕ್ಕಿಂತ ಸುಲಭದ ದಾರಿ ನಮ್ಮ ಅಂಗಡಿಗಳಲ್ಲೇ ಇದೆ: ಕಲ್ಲಿನಿಂದ ಮಾಡಿದ ರಂಗೋಲಿ ಪುಡಿ. ಈ ಅಳತೆಗೆ ಅದರ ನುಣುಪು ಚೆನ್ನಾಗಿ ಒಪ್ಪುತ್ತದೆ. ಅಕ್ಕಿಹಿಟ್ಟಿನದು ಮಾತ್ರ ಬೇಡ, ಹುಳ ಬೀಳುತ್ತದೆ. ಕಡಲತೀರದ ಮರಳಾದರೆ ಉಪ್ಪು ಹೋಗುವವರೆಗೆ ತೊಳೆದು ಒಣಗಿಸಬೇಕು.

ಬಣ್ಣಕ್ಕೆ ಮೊದಲು ಗಾಢ ಕಂದು ಬಳಿಯಿರಿ. ಅದು ಆರಿದ ಮೇಲೆ, ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಪಸೆಯಿಂದ ಉಬ್ಬುಗಳನ್ನಷ್ಟೇ ಸವರುವ ಡ್ರೈಬ್ರಶ್ ಎರಡು ಸಲ, ಎರಡನೆಯದು ಮೊದಲಿನದಕ್ಕಿಂತ ತಿಳಿ. ನಿಜವಾದ ಮಣ್ಣಿನ ಬಣ್ಣವನ್ನೇ ಹುಡುಕಿ ತಂದು ಹಚ್ಚಿದರೆ ಪುಟ್ಟ ಬೇಸ್ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ದೂರದ ವಸ್ತುಗಳನ್ನು ನಡುವಿನ ಗಾಳಿ ತಿಳಿಗೊಳಿಸುತ್ತದೆ. ಆ 180 ಮೀಟರಿನ ಗಾಳಿಯನ್ನು ನಾವು ಬಣ್ಣದಲ್ಲೇ ಬೆರೆಸಬೇಕು. ಕೊನೆಯ ಕೈಗೆ ಸ್ವಲ್ಪ ಮರಳು ಬಣ್ಣ ಸೇರಿಸಿದರೆ ಆಯಿತು.

ಇನ್ನು ಬೆಳೆ. ಸ್ಟ್ಯಾಟಿಕ್ ಗ್ರಾಸ್ ಎಂದು ಮಾರುವುದು ನೈಲಾನ್‌ನಂಥ ಕೃತಕ ಎಳೆಗಳನ್ನು. ಸ್ಥಾಯಿ ವಿದ್ಯುತ್ ಕೊಡುವ ಉಪಕರಣದಿಂದ ಉದುರಿಸಿದರೆ ಎಳೆಗಳು ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಉಪಕರಣ ಇಲ್ಲದಿದ್ದರೆ ಧಾರಾಳವಾಗಿ ಉದುರಿಸಿ, ಬೇಸನ್ನು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದರೂ ಬಹಳಷ್ಟು ಎಳೆ ಏಳುತ್ತವೆ. ಎರಡು ಮಿಲಿಮೀಟರ್ ಎಳೆ ಎಂದರೆ ಇಲ್ಲಿ 60 ಸೆಂಟಿಮೀಟರ್, ಮೊಣಕಾಲು ದಾಟಿದ ಹುಲ್ಲು. ದನ ಮೇಯ್ದ ಬಯಲಿಗೆ ಅದೂ ಉದ್ದವೇ. ಸ್ಪಂಜಿನ ಪುಡಿಯಾದ ಫ್ಲಾಕ್ ಸಾಕು.

ಆಳೆತ್ತರದ ರೈ ಬೇಕೆಂದರೆ ಹುಲ್ಲುಬಣ್ಣದ 6 ಮಿಲಿಮೀಟರ್ ಎಳೆ ಬೇಕು, ಆದರೆ ಅದನ್ನು ತುಂಬ ನೆಟ್ಟರೆ ಸೈನಿಕರೇ ಕಾಣುವುದಿಲ್ಲ. ಚರಿತ್ರೆಯೇ ಇಲ್ಲಿ ದಾರಿ ತೋರಿಸುತ್ತದೆ: ಸಾವಿರಾರು ಜನ, ಕುದುರೆಗಳು ತುಳಿದು ಅಂದು ಬೆಳೆ ನೆಲಕಚ್ಚಿತ್ತು. ಆದ್ದರಿಂದ ಬೇಸ್‌ನ ಹಿಂಬದಿಯ ಒಂದು ಮೂಲೆಯಲ್ಲಿ ಮಾತ್ರ ನಿಂತ ಬೆಳೆ ಇರಲಿ. ಉಳಿದ ಕಡೆ ಅಂಟು ಅರೆ ಒಣಗಿದಾಗ ಎಳೆಗಳನ್ನು ಬೆರಳಿನಿಂದ ದಳ ಸಾಗುವ ದಿಕ್ಕಿಗೇ ಒತ್ತಿ ಮಲಗಿಸಿ. ನಿಂತಿರುವ ಬೊಂಬೆಗಳಿಗೆ ನಡಿಗೆ ಬರುವುದು ಇದೊಂದರಿಂದಲೇ. ಮೂರನೇ ಒಂದು ಭಾಗದಷ್ಟು ಮಣ್ಣು ಬರಿದಾಗಿರಲಿ.

1799ರ ಮೇ 4ರ ಶ್ರೀರಂಗಪಟ್ಟಣದ ದಾಳಿಯನ್ನು ಮಾಡುವವರಿಗೆ ಲೆಕ್ಕ ತಿರುಗುಮುರುಗು. ಬ್ರಿಟಿಷ್ ತುಕಡಿಗಳು ದಾಟಿದ್ದು ಬೇಸಿಗೆಯಲ್ಲಿ ನೀರು ಇಳಿದ, ಬಂಡೆ ತುಂಬಿದ ಕಾವೇರಿಯ ಪಾತ್ರವನ್ನು. ಅಲ್ಲಿ ಕಲ್ಲು ಬೇಕೇ ಬೇಕು. ಮೂರು ಮೀಟರಿನ ಬಂಡೆಗೆ ಒಂದು ಸೆಂಟಿಮೀಟರಿನ ಕಲ್ಲು ಸರಿಹೋಗುತ್ತದೆ, ಆದರೆ ಒಡೆದ ಜಲ್ಲಿಯ ಚೂರಲ್ಲ, ನೀರು ಉಜ್ಜಿ ನುಣುಪಾದ ಹೊಳೆಗಲ್ಲು. ನಡುವಿನ ನೀರಿಗೆ ಹಸಿರು ಬೆರೆತ ಕಂದು ಬಳಿದು, ಹೊಳಪಿನ ವಾರ್ನಿಶ್ ಅನ್ನು ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಿ.

ಪುಡಿ, ಹುಲ್ಲು ಉದುರದಿರಲು ಬಿಳಿ ಅಂಟಿಗೆ ನಾಲ್ಕರಷ್ಟು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿ ಡ್ರಾಪರ್‌ನಿಂದ ಬಿಡಿ. ಸೋಪು ನೀರಿನ ಬಿಗುವು ಮುರಿದು ಅಂಟು ತಾನಾಗಿ ಒಳಗಿಳಿಯುತ್ತದೆ. ಹೊಳಪಿಲ್ಲದ ವಾರ್ನಿಶ್ ಅನ್ನು ಮಳೆಗಾಲದಲ್ಲಿ ಸ್ಪ್ರೇ ಮಾಡಬೇಡಿ, ತೇವಕ್ಕೆ ಬಿಳಿಚಿಕೊಳ್ಳುತ್ತದೆ. ಕುಂಚದಿಂದಲೇ ಹಚ್ಚಿ, ಕೆಸರಿನ ಹೊಳಪನ್ನು ಅದರ ನಂತರ ಕೊಡಿ.

ಇಡೀ ಸೇನೆಗೆ ಬೇಕಾದ ಮಣ್ಣಿನ ಬಣ್ಣವನ್ನು ಒಂದೇ ಡಬ್ಬಿಯಲ್ಲಿ ಮೊದಲೇ ಕಲಸಿಟ್ಟುಕೊಳ್ಳಿ, ಎರಡನೇ ಸಲ ಅದೇ ಬಣ್ಣ ಬರುವುದು ಕಷ್ಟ. ಕಲಸುವ ಮುಂಚೆ ಒಂದು ಬೇಸನ್ನು ಮಾತ್ರ ಪೂರ್ತಿ ಮುಗಿಸಿ, ಆಡುವ ಮೇಜಿನ ಬಟ್ಟೆಯ ಮೇಲೆ, ಆಡುವ ಹೊತ್ತಿನ ದೀಪದ ಕೆಳಗೆ ಇಟ್ಟು ನೋಡಿ. ಬೇಸ್‌ನ ಅಂಚು ಬಟ್ಟೆಯಿಂದ ಎದ್ದು ಕಂಡರೆ ಬಣ್ಣ ಬದಲಿಸಬೇಕಾದದ್ದು ಆಗಲೇ.