ಒಬಾಮಾ: ಎಲೆಯಂಥ ಹುಳುವಿಗೊಂದು ಕುಲ

ಹೆಸರು ಕೇಳಿ ಅಮೆರಿಕದ ಅಧ್ಯಕ್ಷರಾಗಿದ್ದವರು ನೆನಪಾದರೆ ತಪ್ಪಿಲ್ಲ. ಆದರೆ ಅವರಿಗೂ ಇದಕ್ಕೂ ನಂಟಿಲ್ಲ. ಬ್ರೆಜಿಲ್‌ನ ಮೂಲನಿವಾಸಿಗಳ ತುಪಿ ಭಾಷೆಯಲ್ಲಿ ‘ಒಬಾ’ ಎಂದರೆ ಎಲೆ, ‘ಮಾ’ ಎಂದರೆ ಪ್ರಾಣಿ. ಎಲೆಯಂತೆ ತೆಳ್ಳಗೆ ಅಗಲವಾಗಿರುವ, ಕಾಡಿನ ನೆಲದಲ್ಲಿ ಹರಿದಾಡುವ ಚಪ್ಪಟೆ ಹುಳುಗಳ ಕುಲ ಇದು. ಬಾಯಿ ತಲೆಯಲ್ಲಿಲ್ಲ, ಮೈಯ ಅಡಿಭಾಗದ ನಡುವಿನಲ್ಲಿದೆ. ಉಂಡದ್ದರ ಉಳಿಕೆ ಹೊರಬೀಳುವುದೂ ಅಲ್ಲಿಂದಲೇ.

ಬೀಗಲ್ ಹಡಗಿನ ಯಾನದಲ್ಲಿ ಡಾರ್ವಿನ್ ಇಂಥ ಹುಳುಗಳನ್ನು ಕೊಳೆತ ದಿಮ್ಮಿಗಳಡಿ ಕಂಡು, ಅವು ಆ ಮರವನ್ನೇ ತಿನ್ನುತ್ತವೆಂದು ನಂಬಿದ್ದರು. ನಿಜಕ್ಕೂ ಅವು ಎರೆಹುಳು, ಬಸವನಹುಳುಗಳನ್ನು ಹಿಡಿದು ತಿನ್ನುವ ಬೇಟೆಗಾರರು. ಆಮೇಲೆ ಬಂದವರು ದಕ್ಷಿಣ ಅಮೆರಿಕದಲ್ಲಿ ಸಿಕ್ಕ ಬಹಳಷ್ಟು ಹುಳುಗಳನ್ನು ‘ಜಿಯೋಪ್ಲಾನಾ’ ಎಂಬ ಒಂದೇ ಕುಲಕ್ಕೆ ತುಂಬಿದರು. 2013ರಲ್ಲಿ ಫರ್ನಾಂಡೊ ಕಾರ್ಬಾಯೊ ಮತ್ತು ಸಂಗಡಿಗರು ಆ ಗಂಟು ಬಿಚ್ಚಿದಾಗ ಒಬಾಮಾ ಸೇರಿ ಕೆಲವು ಹೊಸ ಕುಲಗಳು ಹೊರಬಂದವು.

ಕುಲ ನಿಶ್ಚಯಿಸುವುದು ಕಣ್ಣಳತೆಯ ಕೆಲಸವಲ್ಲ. ಮೊದಲು ಜೀವಂತ ಹುಳುವಿನ ಫೋಟೊ ತೆಗೆಯಬೇಕು, ಸತ್ತ ಮೇಲೆ ಬಣ್ಣ ಮಾಸುತ್ತದೆ. ಮೈಯ ಒಂದು ಚೂರು ಡಿಎನ್‌ಎ ಪರೀಕ್ಷೆಗೆಂದು ಆಲ್ಕೋಹಾಲಿಗೆ ಹೋಗುತ್ತದೆ. ಉಳಿದದ್ದನ್ನು ಫಾರ್ಮಲಿನ್‌ನಲ್ಲಿ ಗಟ್ಟಿಗೊಳಿಸಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟು ತೆಳುವಾಗಿ ಸೀಳುತ್ತಾರೆ. ಸೀಳುಗಳನ್ನು ಕ್ರಮ ತಪ್ಪದಂತೆ ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುತ್ತಾರೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಸೂಕ್ಷ್ಮದರ್ಶಕದಡಿ ಒಂದೊಂದೇ ಸೀಳು ನೋಡುತ್ತಾ ಆ ಎರಡೂ ಅಂಗಗಳನ್ನು ಕಾಗದದ ಮೇಲೆ ಮತ್ತೆ ಕಟ್ಟಬೇಕು. ಅಂಡನಾಳ ಎಲ್ಲಿ ಮೇಲಕ್ಕೆ ತಿರುಗಿತು, ಶಿಶ್ನ ಮುಂಚಾಚಿದೆಯೇ, ಕಣ್ಣುಗಳು ಬೆನ್ನಿಗೂ ಹರಡಿವೆಯೇ ಎಂಬುದರ ಮೇಲೆ ಕುಲ ನಿಲ್ಲುತ್ತದೆ. ಇಷ್ಟು ತಾಳ್ಮೆ ಬೇಡುವ ಕುಸುರಿ ಕೆಲಸ ಪ್ರಾಣಿವಿಜ್ಞಾನದಲ್ಲಿ ಕಡಿಮೆ.

ಈ ಶ್ರಮ ಬೇಗನೆ ಫಲ ಕೊಟ್ಟಿತು. ಯೂರೋಪಿನ ತೋಟಗಳಲ್ಲಿ ಹರಡುತ್ತಿದ್ದ ಅಪರಿಚಿತ ಹುಳುವೊಂದು ಇದೇ ಕುಲದ ಹೊಸ ಪ್ರಭೇದವೆಂದು 2016ರಲ್ಲಿ ಖಚಿತವಾಯಿತು. ಅದೇ ಒಬಾಮಾ ನುಂಗಾರಾ. ಫ್ರಾನ್ಸ್‌ನ ಯೂರೋಪಿನ ಭಾಗದ 96 ಜಿಲ್ಲೆಗಳ ಪೈಕಿ 72ರಲ್ಲಿ ಅದು ಸೇರಿಕೊಂಡಿದೆ ಎಂದು 2020ರ ಅಧ್ಯಯನ ತೋರಿಸಿತು. ಆ ಲೆಕ್ಕಕ್ಕೆ ಆಧಾರ, ಜನಸಾಮಾನ್ಯರು ತಮ್ಮ ಹಿತ್ತಲಲ್ಲಿ ಕಂಡು ಕಳಿಸಿದ ಮಾಹಿತಿ.

ನಮ್ಮ ಮಲೆನಾಡಿನಲ್ಲೂ ಮಳೆಗಾಲಕ್ಕೆ ಸುತ್ತಿಗೆಯಂಥ ತಲೆಯ ಚಪ್ಪಟೆ ಹುಳುಗಳು ಕಾಣಸಿಗುತ್ತವೆ. ಇಂಬಳವೆಂದು ಉಪ್ಪು ಸುರಿಯಬೇಡಿ. ಬದುಕಿದ್ದಾಗಲೇ ಫೋಟೊ ತೆಗೆದು, ಊರು, ತಾರೀಖು ಬರೆದಿಡಿ.