ನಿಂತಲ್ಲೇ ನಡುಗುವ ಹಲಗೆ

ಮಾದನಾಯಕನಹಳ್ಳಿಯ ಬಳಿ ತುಮಕೂರು ರಸ್ತೆಯ ಅಂಚಿನಲ್ಲಿ ಎಂದಾದರೂ ನಿಂತಿದ್ದೀರಾ? ತುಂಬಿದ ಲಾರಿ ಹಾದುಹೋದರೆ ಕಾಲಡಿಯ ನೆಲ ಸಣ್ಣಗೆ ನಡುಗುತ್ತದೆ. ಅಂಥದೇ ನಡುಕವನ್ನು ಅಳತೆಯಾಗಿ ಕೊಟ್ಟು, ಕಾಯಿಲೆಯಿಂದ ಎದ್ದವರ ಕಾಲಿಗೆ ಬಲ ತುಂಬುವ ಒಂದು ವ್ಯಾಯಾಮವಿದೆ.

ಇದೇ ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರ 2020ರಲ್ಲಿ ಕೋವಿಡ್ ಆರೈಕೆ ಕೇಂದ್ರವಾಗಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಯೋಜನೆ! ಸೆಪ್ಟೆಂಬರಿನಲ್ಲಿ ಅದು ಮುಚ್ಚಿತು. ಆದರೆ ಆ ಕಾಲದಲ್ಲಿ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದ್ದ ಎಷ್ಟೋ ಮಂದಿಗೆ ಮನೆಗೆ ಬಂದ ಮೇಲೂ ಕಷ್ಟ ತಪ್ಪಲಿಲ್ಲ. ವರದಿ ನೆಗೆಟಿವ್, ನಾಲ್ಕು ಮೆಟ್ಟಿಲು ಹತ್ತಿದರೆ ಮಾತ್ರ ಏದುಸಿರು. ವಾರಗಟ್ಟಲೆ ಮಲಗಿದರೆ ತೊಡೆಯ ಸ್ನಾಯು ಸೊರಗಿಬಿಡುತ್ತದೆ. ಅದಕ್ಕೆ ವ್ಯಾಯಾಮ ಬೇಕು, ವ್ಯಾಯಾಮಕ್ಕೆ ತ್ರಾಣವಿಲ್ಲ.

ನಡುಗುವ ಹಲಗೆ ನೆರವಾಗುವುದು ಇಲ್ಲಿ. ಮೊಣಕಾಲು ತುಸು ಬಗ್ಗಿಸಿ, ಕಂಬಿ ಹಿಡಿದು ಅದರ ಮೇಲೆ ನಿಲ್ಲಬೇಕು. ಹಲಗೆ ಸೆಕೆಂಡಿಗೆ ಇಪ್ಪತ್ತು, ಮೂವತ್ತು ಸಲ ಅಲುಗುತ್ತದೆ. ಪ್ರತಿ ಅಲುಗಾಟಕ್ಕೂ ಸ್ನಾಯು ಚೂರು ಎಳೆಯಲ್ಪಟ್ಟು, ನಾವು ಹೇಳದೆಯೇ ತಾನಾಗಿ ಬಿಗಿಯುತ್ತದೆ. ಡಾಕ್ಟರು ಮೊಣಕಾಲಿಗೆ ಸುತ್ತಿಗೆ ತಟ್ಟಿದಾಗ ಕಾಲು ಚಿಮ್ಮುತ್ತದಲ್ಲ, ಹೆಚ್ಚುಕಡಿಮೆ ಅದೇ ಗುಟ್ಟು.

2003ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಪ್ರಯೋಗವೊಂದರಲ್ಲಿ 20 ಮಂದಿ ಗಟ್ಟಿಮುಟ್ಟಾದ ಯುವಕರು ಎಂಟು ವಾರ ಹಾಸಿಗೆ ಬಿಟ್ಟೇಳಲಿಲ್ಲ. (ಮಕ್ಕಳೇ, ಕೇಳಲು ಹಿತ, ಮಾಡಲು ಕಷ್ಟ.) ಅರ್ಧದಷ್ಟು ಮಂದಿ ಮಲಗಿದಲ್ಲೇ ನಡುಗುವ ಹಲಗೆಯನ್ನು ಒತ್ತಿ ವ್ಯಾಯಾಮ ಮಾಡಿದರು. ಅವರ ಕಾಲಿನ ಸ್ನಾಯು, ಮೂಳೆ ಉಳಿದವರಷ್ಟು ಸವೆಯಲಿಲ್ಲ. ಮುಂದೆ ಜರ್ಮನಿಯಲ್ಲೇ, ಹಳೆಯ ಶ್ವಾಸಕೋಶದ ಕಾಯಿಲೆಯವರಿಗೆ ಮಾಮೂಲಿ ವ್ಯಾಯಾಮದ ಜೊತೆ ಇದನ್ನೂ ಕೊಟ್ಟಾಗ ಅವರ ನಡಿಗೆಯ ದೂರ ಹೆಚ್ಚಿತು. ಕೋವಿಡ್ ನಂತರದ ಸುಸ್ತಿಗೂ ಇದನ್ನು ಪರೀಕ್ಷಿಸುತ್ತಿದ್ದಾರೆ. ಆದರೆ ಗಟ್ಟಿಯಾಗಿ ಹೇಳುವಷ್ಟು ಪುರಾವೆ ಇನ್ನೂ ಇಲ್ಲ.

ಆದ್ದರಿಂದ ‘ನಿಂತರೆ ಸಾಕು’ ಎಂಬ ಜಾಹೀರಾತು ನೋಡಿ ಯಂತ್ರ ತಂದು ಅಜ್ಜನನ್ನು ಹತ್ತಿಸಬೇಡಿ. ಕೋವಿಡ್‌ನಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಅಂಥವರಿಗೆ, ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ, ಹೊಸದಾಗಿ ಮೂಳೆ ಮುರಿದವರಿಗೆ ಇದು ಸಲ್ಲದು. ಸ್ವಲ್ಪ ದುಡಿದರೆ ಮರುದಿನ ಪೂರ್ತಿ ಮಲಗುವಂತಾಗುವವರು ಡಾಕ್ಟರನ್ನು ಕೇಳದೆ ಯಾವ ವ್ಯಾಯಾಮವನ್ನೂ ಹೆಚ್ಚಿಸಬಾರದು.

ಡಾಕ್ಟರು ಒಪ್ಪಿದರೆ, ಮನೆಯ ಗಟ್ಟಿ ಕುರ್ಚಿಯೇ ಸಾಕು. ಗೋಡೆಗೆ ಒರಗಿಸಿಟ್ಟ ಕುರ್ಚಿಯಿಂದ ಅಜ್ಜ ನಿಧಾನವಾಗಿ ಎದ್ದು ಕೂರಲಿ, ಎಣಿಸುವ ಕೆಲಸ ಮೊಮ್ಮಕ್ಕಳದು. ನಡುವೆ ಏನಾದರೂ ಮಾತಾಡಿಸುತ್ತಿರಿ. ಪೂರ್ತಿ ಒಂದು ವಾಕ್ಯ ಹೇಳಲಾಗದಷ್ಟು ಉಸಿರು ಕಟ್ಟಿತೋ, ಅವತ್ತಿಗೆ ಎಣಿಕೆ ಬಂದ್.