ಉಸ್ಮಾನಿಯಾದ ಹುಣಸೆಮರ ಮತ್ತು ಬೀಗ ಬಿದ್ದ ವಾರ್ಡುಗಳು

ಹೈದರಾಬಾದಿನ ಅಫ್ಜಲ್‌ಗಂಜ್‌ಗೆ ಹೋದವರ ಕಣ್ಣು ಮೊದಲು ಉಸ್ಮಾನಿಯಾ ಆಸ್ಪತ್ರೆಯ ಗುಮ್ಮಟಗಳ ಮೇಲೆ ಬೀಳುತ್ತದೆ. ಕಾಲು ನಿಲ್ಲುವುದು ಮಾತ್ರ ಆವರಣದ ಹಳೆಯ ಹುಣಸೆಮರದ ಬುಡದಲ್ಲಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಬಂದಾಗ ಸುಮಾರು 150 ಮಂದಿ ಇದೇ ಮರ ಹತ್ತಿ ಬದುಕಿಕೊಂಡರಂತೆ. ಬುಡದಲ್ಲಿ ನಿಂತು ಮೇಲಕ್ಕೆ ನೋಡಿದರೆ ಯಾವ ಕೊಂಬೆಯಲ್ಲಿ ಎಷ್ಟು ಜನ ಕೂತಿದ್ದಿರಬಹುದು, ಕೂಸುಗಳನ್ನು ಎತ್ತಿಕೊಂಡವರು ಹೇಗೆ ಹತ್ತಿದರು ಎಂದು ಲೆಕ್ಕ ಹಾಕದೆ ಇರಲಾಗುವುದಿಲ್ಲ. ಆ ದಿನ ಸತ್ತವರು ಸಾವಿರಾರು. ಸೆಪ್ಟೆಂಬರ್ ಬಂತೆಂದರೆ ನಗರದ ಹಲವರು ಈ ಮರದಡಿ ಸೇರಿ ಅವರನ್ನು ನೆನೆಯುತ್ತಾರೆ.

ಮರುವರ್ಷ ನಿಜಾಮರ ಕರೆಗೆ ಓಗೊಟ್ಟು ಬಂದವರು ನಮ್ಮ ವಿಶ್ವೇಶ್ವರಯ್ಯ. ನೆರೆ ತಡೆಯುವ ಅವರ ಯೋಜನೆಯಿಂದಲೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಮೇಲೆದ್ದವು. ಆಸ್ಪತ್ರೆ ಕಟ್ಟಡವನ್ನು ವಿನ್ಯಾಸಗೊಳಿಸಿದವರು ವಾಸ್ತುಶಿಲ್ಪಿ ವಿನ್ಸೆಂಟ್ ಎಶ್. ಬೀದರ್, ಕಲಬುರಗಿ ಕಡೆಯ ಬಡವರಿಗೂ ಇದೇ ದೊಡ್ಡಾಸ್ಪತ್ರೆ.

2015ರಲ್ಲಿ ತೆಲಂಗಾಣದ ಕೆ. ಚಂದ್ರಶೇಖರ ರಾವ್ ಸರ್ಕಾರ ಈ ಕಟ್ಟಡವನ್ನು ಕೆಡವಿ ಗೋಪುರ ಕಟ್ಟಡಗಳನ್ನು ಎಬ್ಬಿಸುತ್ತೇವೆಂದಿತು. ಪರಂಪರೆಯ ಪರ ಇರುವವರು ಸಿಡಿದೆದ್ದರು; ದುರಸ್ತಿ ಮಾಡಿದರೆ ಕಟ್ಟಡ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ವರದಿ ಕೊಟ್ಟಿತು. ಕೆಡವುವುದೂ ಆಗಲಿಲ್ಲ, ದುರಸ್ತಿಯೂ ಆಗಲಿಲ್ಲ. 2020ರ ಜುಲೈ ಮಳೆಗೆ ಕೊಳಚೆ ನೀರು ವಾರ್ಡುಗಳಿಗೇ ನುಗ್ಗಿತು, ರೋಗಿಗಳ ಮಂಚದ ಕೆಳಗೆ ಹರಿಯಿತು. ಆ ತಿಂಗಳೇ ಹಳೆಯ ಕಟ್ಟಡಕ್ಕೆ ಬೀಗ ಬಿತ್ತು.

ಹೊಸ ಕಟ್ಟಡ ಬೇಕೇಬೇಕೆಂದು ಪಟ್ಟು ಹಿಡಿದ ಕಿರಿಯ ವೈದ್ಯರ ಮಾತನ್ನು ತಳ್ಳಿಹಾಕುವಂತಿಲ್ಲ. ಚಾವಣಿಯ ಗಾರೆ ಉದುರುವ ಕಡೆ ಶಸ್ತ್ರಚಿಕಿತ್ಸೆ ನಡೆಸುವುದು ಹೇಗೆ? ಆದರೆ ಮಂಚದಡಿ ಹರಿದ ಕೊಳಚೆಗೆ ಸುಣ್ಣದ ಗಾರೆಯ ಗೋಡೆಗಳು ಹೊಣೆಯಲ್ಲ. ಚರಂಡಿಗಳನ್ನು ನೋಡಿಕೊಳ್ಳಬೇಕಾದವರು ಹೊಣೆ.

2025ರ ಜನವರಿ 31ರಂದು ಮುಖ್ಯಮಂತ್ರಿ ರೇವಂತ್ ರೆಡ್ಡಿ ಗೋಶಾಮಹಲ್‌ನ ಪೊಲೀಸ್ ಮೈದಾನದಲ್ಲಿ 2,000 ಹಾಸಿಗೆಗಳ ಹೊಸ ಉಸ್ಮಾನಿಯಾಗೆ ಅಡಿಗಲ್ಲಿಟ್ಟರು. ಮೈದಾನ ಹೋಗುತ್ತದೆಂದು ಅಲ್ಲಿನವರು ಬೀದಿಗಿಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಹಳೆಯದನ್ನು ಕೆಡವದೆ ಬೇರೆ ಜಾಗದಲ್ಲಿ ಕಟ್ಟುವುದು ಹತ್ತು ವರ್ಷದ ಜಗಳಕ್ಕೆ ಸಿಕ್ಕ ಒಳ್ಳೆಯ ದಾರಿ. ಅಫ್ಜಲ್‌ಗಂಜ್‌ನ ಕೆಲಸ ಮಾತ್ರ ಅದರಿಂದ ಮುಗಿಯುವುದಿಲ್ಲ. ಗೋಶಾಮಹಲ್ ಆಸ್ಪತ್ರೆ ಸಿದ್ಧವಾಗುವವರೆಗೆ ಕಾಯದೆ ಸರ್ಕಾರ ಹಳೆಯ ಕಟ್ಟಡದ ಚಾವಣಿ, ಚರಂಡಿಗಳ ದುರಸ್ತಿಗೆ ಈಗಲೇ ಹಣ ತೆಗೆದಿಡಬೇಕು. ಕೆಳ ಅಂತಸ್ತಿನಲ್ಲಿ ಹೊರರೋಗಿ ವಿಭಾಗವನ್ನಾದರೂ ಮತ್ತೆ ತೆರೆಯಬೇಕು.